ಮೆಳ್ಳೆಗಣ್ಣು: ಮದುವೆ ಹೊತ್ತಿಗೆ ಮಾಡಿಸಿದರೆ ಸಾಲದೇ?

ಪ್ರಶ್ನೆ: ಮಗಳಿಗೆ ಐದು ವರ್ಷ. ಬಲಗಣ್ಣು ಮೂಗಿನ ಕಡೆ ವಾಲುತ್ತದೆ. ಮೈಸೂರಿನ ಡಾಕ್ಟರು ಕನ್ನಡಕ ಕೊಟ್ಟು, ಎಡಗಣ್ಣಿಗೆ ಪಟ್ಟಿ ಹಾಕಿಸಿ, ಆಪರೇಷನ್ ಆಮೇಲೆ ನೋಡೋಣ ಎಂದಿದ್ದಾರೆ. ಅತ್ತೆಯವರು ಅದು ಅದೃಷ್ಟದ ಕಣ್ಣು, ಬೇಕಾದರೆ ಮದುವೆ ಹೊತ್ತಿಗೆ ಮಾಡಿಸಿದರಾಯ್ತು ಎನ್ನುತ್ತಾರೆ. ಏನು ಮಾಡಲಿ?
– ಒಬ್ಬ ತಾಯಿ, ಗುಂಡ್ಲುಪೇಟೆ

ಉತ್ತರ: ಡಾಕ್ಟರು ಹೇಳಿದ್ದನ್ನೇ ಮಾಡಿ, ಅವರು ಹೇಳಿದ ಕ್ರಮದಲ್ಲೇ ಮಾಡಿ. ಆಪರೇಷನ್ ಕಣ್ಣನ್ನು ನೆಟ್ಟಗೆ ಮಾಡುತ್ತದೆ, ದೃಷ್ಟಿ ಕೊಡುವುದಿಲ್ಲ. ಒಂದು ವಸ್ತು ಎರಡಾಗಿ ಕಾಣದಿರಲೆಂದು ಮಗುವಿನ ಮಿದುಳು ವಾಲಿದ ಕಣ್ಣಿನ ಚಿತ್ರವನ್ನು ತಳ್ಳಿಹಾಕುತ್ತಾ ಬರುತ್ತದೆ. ವರ್ಷಗಟ್ಟಲೆ ಹೀಗಾದರೆ ಆ ಕಣ್ಣಿನ ನೋಟ ಮಂಕಾಗಿಯೇ ಉಳಿಯುತ್ತದೆ. ಸೋಮಾರಿ ಕಣ್ಣು ಎನ್ನುವುದು ಇದನ್ನೇ. ಒಳ್ಳೆಯ ಕಣ್ಣಿಗೆ ಪಟ್ಟಿ ಹಾಕಿ ಸೋಮಾರಿಯನ್ನು ದುಡಿಸುವುದು ಏಳೆಂಟು ವರ್ಷದೊಳಗೆ ಚೆನ್ನಾಗಿ ಫಲಿಸುತ್ತದೆ, ಆಮೇಲೆ ಫಲ ಇಳಿಯುತ್ತದೆ. ಮದುವೆ ಹೊತ್ತಿಗೆ ಕಣ್ಣನ್ನು ನೆಟ್ಟಗೆ ನಿಲ್ಲಿಸಬಹುದು, ಕಳೆದುಕೊಂಡ ನೋಟವನ್ನು ಮರಳಿ ತರುವುದು ಕಷ್ಟ. ಅತ್ತೆಯವರ ಮಾತಿನಲ್ಲಿ ಒಂದಿಷ್ಟು ಹುರುಳು ಹಸುಗೂಸುಗಳ ಮಟ್ಟಿಗಿದೆ: ಮೊದಲ ಕೆಲವು ತಿಂಗಳು ಕಣ್ಣು ಆಗೀಗ ವಾಲಿ ತಾನೇ ಸರಿಹೋಗುವುದುಂಟು. ಐದು ವರ್ಷಕ್ಕೆ ಆ ಮಾತು ಸಲ್ಲದು. ಅಪರೂಪಕ್ಕೆ ಕಣ್ಣೊಳಗಿನ ಕ್ಯಾನ್ಸರ್ ಗಡ್ಡೆಯೂ ಮೊದಲು ಮೆಳ್ಳೆಯಾಗಿ ಕಾಣಿಸಿಕೊಳ್ಳುತ್ತದೆ. ಅದೃಷ್ಟವೆಂದು ಸುಮ್ಮನಿರುವವರು ಒಮ್ಮೆಯಾದರೂ ಅಕ್ಷಿಪಟಲ ತೋರಿಸಿಕೊಂಡು ಬರಲಿ.

ಕನ್ನಡಕವೊಂದರಿಂದಲೇ ಕಣ್ಣು ನೇರವಾಗುವ ಮಕ್ಕಳಿದ್ದಾರೆ. ಪ್ಲಸ್ ಪವರ್ ಹೆಚ್ಚಿರುವವರಲ್ಲಿ ಇದು ಸಾಮಾನ್ಯ. ಅದಕ್ಕೂ ಬಗ್ಗದಿದ್ದರೆ ಆಪರೇಷನ್. ಗುಡ್ಡೆಯನ್ನು ಕಿತ್ತು ಮತ್ತೆ ಇಡುತ್ತಾರೆಂಬ ಭಯ ಬೇಡ, ಗುಡ್ಡೆ ಇದ್ದಲ್ಲೇ ಇರುತ್ತದೆ. ಪ್ರತಿ ಕಣ್ಣನ್ನೂ ಆರು ಸ್ನಾಯುಗಳು ಆಡಿಸುತ್ತವೆ. ಮೂಗಿನ ಬದಿಯ ಸ್ನಾಯುವನ್ನು ಬಿಡಿಸಿ ಕೆಲವು ಮಿಲಿಮೀಟರ್ ಹಿಂದಕ್ಕೆ ಹೊಲಿದರೆ ಅದರ ಎಳೆತ ಸಡಿಲವಾಗುತ್ತದೆ. ಎದುರು ಬದಿಯದನ್ನು ಒಂದಿಷ್ಟು ಕತ್ತರಿಸಿ ಹೊಲಿದರೆ ಬಿಗಿಯಾಗುತ್ತದೆ. ಎಷ್ಟು ಮಿಲಿಮೀಟರ್ ಎಂಬುದನ್ನು ಪ್ರಿಸಮ್ ಹಿಡಿದು ವಾಲಿಕೆ ಅಳೆದೇ ತೀರ್ಮಾನಿಸುತ್ತಾರೆ. 1839ರಲ್ಲಿ ಬರ್ಲಿನ್ನಿನ ಶಸ್ತ್ರವೈದ್ಯ ಡೀಫೆನ್‌ಬಾಖ್ ಸ್ನಾಯುವನ್ನು ಬರೀ ಕತ್ತರಿಸಿಬಿಡುತ್ತಿದ್ದರು, ಅದೂ ಅರಿವಳಿಕೆ ಇಲ್ಲದ ಕಾಲದಲ್ಲಿ. ಹಾಗೆ ಕತ್ತರಿಸಿದ ಎಷ್ಟೋ ಕಣ್ಣುಗಳು ಎದುರು ದಿಕ್ಕಿಗೆ ಹೊರಳಿದವು. ಅಳತೆಯ ಹೊಲಿಗೆ ಬಂದದ್ದು ಆ ನಂತರ. ದೊಡ್ಡವರಿಗಾದರೆ ಜಾರುಗಂಟು ಹಾಕಿ, ಎಚ್ಚರವಾದ ಮೇಲೆ ನೋಡಿ ಬಿಗಿ–ಸಡಿಲ ಮಾಡುವ ವಿಧಾನವೂ ಇದೆ.

ಮಾಡಿಸಿದರೂ ಮತ್ತೆ ವಾಲುತ್ತದಂತೆ, ಮತ್ತೇಕೆ ಎನ್ನುವವರಿದ್ದಾರೆ. ಕೆಲವರಿಗೆ ಎರಡನೇ ಆಪರೇಷನ್ ಬೇಕಾಗುವುದು ನಿಜ. ಆದರೆ ನೆಟ್ಟಗಾದ ಕಣ್ಣನ್ನು ಹಿಡಿದಿಡುವುದು ಎರಡೂ ಕಣ್ಣಿನ ಹೊಂದಿದ ನೋಟ. ಆದ್ದರಿಂದ ಈ ಆಕ್ಷೇಪಣೆ ಪಟ್ಟಿಯ ಪರವಾಗಿಯೇ ವಾದಿಸುತ್ತದೆ, ತಡ ಮಾಡುವುದರ ಪರವಾಗಿ ಅಲ್ಲ.

ಗುಂಡ್ಲುಪೇಟೆಯಿಂದ ಮೈಸೂರಿಗೆ ಸುಮಾರು 60 ಕಿ.ಮೀ.; ಪದೇ ಪದೇ ಹೋಗಿಬರುವುದು ಕೂಲಿ ಬಿಟ್ಟು ಬರುವವರಿಗೆ ಸಣ್ಣ ಖರ್ಚಲ್ಲ. ನಡುವಿನ ತಪಾಸಣೆ ಚಾಮರಾಜನಗರದ ವೈದ್ಯಕೀಯ ಕಾಲೇಜು ಆಸ್ಪತ್ರೆಯಲ್ಲಿ ಆಗುವುದೇ ಎಂದು ವಿಚಾರಿಸಿ. ಆಯುಷ್ಮಾನ್ ಕಾರ್ಡ್ ನಡೆಯುವುದೇ ಎಂಬುದನ್ನು ದಾಖಲಾಗುವ ಮುನ್ನವೇ ಕೇಳಿಕೊಳ್ಳಿ. ಪಟ್ಟಿಯನ್ನು ಕನ್ನಡಕದ ಗಾಜಿಗಲ್ಲ, ಚರ್ಮಕ್ಕೇ ಅಂಟಿಸಿ. ಇಲ್ಲದಿದ್ದರೆ ಮಗು ಸಂದಿಯಲ್ಲಿ ಇಣುಕಿ ಒಳ್ಳೆಯ ಕಣ್ಣಲ್ಲೇ ನೋಡುತ್ತದೆ.