ಎರಡನೇ ಆಂಪ್ ಯಾರ ಲೆಕ್ಕಕ್ಕೆ?

ಗಿಟಾರ್ ನುಡಿಸಿ ನಾಲ್ಕು ಕಾಸು ನೋಡುವವರ ಖರ್ಚಿನ ಪಟ್ಟಿಯಲ್ಲಿ ಹೆಚ್ಚು ತಕರಾರು ಎಬ್ಬಿಸುವ ಬಾಬ್ತೆಂದರೆ ಎರಡನೇ ಆಂಪ್. ಮೊದಲನೆಯದು ಸರಿಯಾಗಿಯೇ ಕೆಲಸ ಮಾಡುತ್ತಿರುತ್ತದೆ. ಹಾಗಿರುವಾಗ ವರ್ಷಕ್ಕೊಮ್ಮೆಯೂ ಬೇಕಾಗದಿರಬಹುದಾದ ಇನ್ನೊಂದನ್ನು ಕೊಂಡು, ಘಾಟಿ ಹತ್ತಿಸಿ ಇಳಿಸಿ, ವೇದಿಕೆಯ ಮೂಲೆಯಲ್ಲಿ ಸುಮ್ಮನೆ ಕೂರಿಸುವುದಕ್ಕೆ ಏನೆನ್ನಬೇಕು? ಬೆಂಗಳೂರಿನಲ್ಲಿ ಕೇಳಿದರೆ ದುಂದು ಎನ್ನುತ್ತಾರೆ. ಅಲ್ಲಿ ಅದು ದುಂದೇ ಇರಬಹುದು. ಊಟಿ, ಕೂನೂರು, ಗೂಡಲೂರು, ಮಸಿನಗುಡಿಗಳಲ್ಲಿ ಮದುವೆಗೆ, ಹೋಟೆಲಿಗೆ, ಸೀಸನ್ ಕಾರ್ಯಕ್ರಮಗಳಿಗೆ ನುಡಿಸುವ ತಂಡಗಳ ಲೆಕ್ಕವೇ ಬೇರೆ. ನನ್ನ ವಾದ ಇಷ್ಟು: ನೀಲಗಿರಿಯಲ್ಲಿ ಎರಡನೇ ಆಂಪ್ ಬೇಕೇ ಬೇಕು, ಅದು ಚಿಕ್ಕದಾಗಿರಬೇಕು, ಮತ್ತು ಅದರ ದುಡ್ಡು ಗಿಟಾರಿಸ್ಟಿನ ಜೇಬಿನಿಂದ ಹೋಗಬಾರದು. ಜಗಳವಾಗುವುದು ಮೂರನೆಯ ಮಾತಿಗೇ, ಆದ್ದರಿಂದ ಅದಕ್ಕೇ ಹೆಚ್ಚು ಜಾಗ ಕೊಡುತ್ತೇನೆ.

ಮೊದಲು ದಾರಿಯ ವಿಷಯ. ಬೆಂಗಳೂರಿನಲ್ಲಿ ಸಂಜೆ ಐದಕ್ಕೆ ಆಂಪ್ ಕೈಕೊಟ್ಟರೆ ಏಳರೊಳಗೆ ಬಾಡಿಗೆಯದು ಬಂದು ಇಳಿಯುತ್ತದೆ. ಊಟಿಯಲ್ಲಿ ಕೈಕೊಟ್ಟರೆ ಹತ್ತಿರದ ದೊಡ್ಡ ಪೇಟೆ ಕೊಯಮತ್ತೂರು, ಸುಮಾರು 85 ಕಿ.ಮೀ. ದೂರ, ನಡುವೆ ಪೂರ್ತಿ ಘಾಟಿ. ಮೈಸೂರು 125 ಕಿ.ಮೀ., ಅದೂ ಮಸಿನಗುಡಿಯಿಂದ ಕಲ್ಲಹಟ್ಟಿಯ 36 ಹೇರ್‌ಪಿನ್ ತಿರುವು ಹತ್ತುವ ಹತ್ತಿರದ ದಾರಿಯಲ್ಲಿ. ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರವರೆಗೆ ಬಂಡೀಪುರದ ಕಾಡು ದಾಟುವಂತಿಲ್ಲ; 2009ರಿಂದ ಈ ನಿರ್ಬಂಧ ಇದೆ. ಸೀಸನ್ನಿನಲ್ಲಿ ಹೊರಗಿನ ಗಾಡಿ ಬೆಟ್ಟ ಹತ್ತಬೇಕೆಂದರೆ 2024ರ ಮೇ ತಿಂಗಳಿಂದ ಇ-ಪಾಸ್ ಬೇರೆ. ಇದೆಲ್ಲ ಕೂಡಿದರೆ, ಸಂಜೆ ಕೆಟ್ಟ ಆಂಪಿಗೆ ಅದೇ ರಾತ್ರಿ ಬದಲಿ ಬರುವುದಿಲ್ಲ ಎಂದೇ ಇಟ್ಟುಕೊಳ್ಳಬೇಕು. ಸಮಯವನ್ನು ಮುಂದಕ್ಕೆ ತಳ್ಳಿ ಸರಿದೂಗಿಸೋಣವೆಂದರೆ, ಬಯಲಿನಲ್ಲಿ ಧ್ವನಿವರ್ಧಕ ಹಾಕುವುದಕ್ಕೆ 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ ಹತ್ತೇ ಗಡಿ. ಎಂಟು ಗಂಟೆಗೆ ಕಳೆದ ಮುಕ್ಕಾಲು ಗಂಟೆ ಕಳೆದೇ ಹೋಯಿತು. ಇದೇ ಬೆಟ್ಟದಲ್ಲಿ ಬಡಗರ ಸಾವಿಗೂ ಹಬ್ಬಕ್ಕೂ ಕೋತರು ಬಂದು ನುಡಿಸಿ ಧಾನ್ಯ ಪಡೆಯುತ್ತಿದ್ದ ಕಾಲದಲ್ಲಿ ಈ ತೊಂದರೆ ಇರಲಿಲ್ಲ. ಕಮ್ಮಾರರೂ ಬಡಗಿಗಳೂ ಕುಂಬಾರರೂ ಆಗಿದ್ದ ಕೋತರಿಗೆ ವಾದ್ಯ ಕೆಟ್ಟರೆ ರಿಪೇರಿಗೆ ಊರು ಬಿಡುವ ಗರಜೇ ಇರಲಿಲ್ಲ. ನಮ್ಮ ವಾದ್ಯದ ಹೊಟ್ಟೆಯೊಳಗಿನ ಬೋರ್ಡನ್ನು ರಿಪೇರಿ ಮಾಡುವವರು ಬೆಟ್ಟದ ಕೆಳಗಿದ್ದಾರೆ.

ಇನ್ನು ಕೆಡುವ ಸಂಭವ. ಆಂಪ್ ಅಷ್ಟು ಸುಲಭವಾಗಿ ಕೆಡುವ ಸಾಮಾನಲ್ಲ, ಒಪ್ಪುತ್ತೇನೆ. ಆದರೆ ಅದು ಕೆಡಲು ಬೇಕಾದ ಅನುಕೂಲಗಳೆಲ್ಲ ಈ ಜಿಲ್ಲೆಯಲ್ಲಿ ಒಟ್ಟಿಗೇ ಸಿಗುತ್ತವೆ. 1932ರಲ್ಲೇ ಪೈಕಾರದ ನೀರಿನಿಂದ ವಿದ್ಯುತ್ ತೆಗೆದ ನೆಲ ಇದು. ಆದರೂ ಹೊರಾಂಗಣ ಕಾರ್ಯಕ್ರಮ ಬಹುಪಾಲು ನಡೆಯುವುದು ಜನರೇಟರಿನ ಮೇಲೆ. ಎತ್ತರ ಹೆಚ್ಚಿದಂತೆ ಗಾಳಿ ತೆಳುವಾಗುತ್ತದೆ, ಡೀಸೆಲ್ ಎಂಜಿನ್ನಿನ ಕಸುವು ಕುಗ್ಗುತ್ತದೆ. ಕೆಳಗೆ ಸಲೀಸಾಗಿ ಹೊರುತ್ತಿದ್ದ ಲೈಟು, ಸೌಂಡುಗಳ ಭಾರಕ್ಕೆ ಅದೇ ಜನರೇಟರ್ ಸುಮಾರು 2,240 ಮೀಟರ್ ಎತ್ತರದ ಊಟಿಯಲ್ಲಿ ಏದುಸಿರು ಬಿಡುತ್ತದೆ. ಬಣ್ಣದ ಲೈಟು ಒಮ್ಮೆಲೇ ಹೊತ್ತಿಕೊಂಡಾಗ ವೋಲ್ಟೇಜು ಕುಸಿದು, ಆರಿದಾಗ ಜಿಗಿಯುವುದು ಇದರಿಂದಲೇ. ನಮ್ಮ ಸಾಮಾನುಗಳು 230 ವೋಲ್ಟಿಗೆ ಮಾಡಿದವು, ಶೇಕಡ 10ರಷ್ಟು ಆಚೀಚೆಯಾದರೆ ತಡೆದುಕೊಳ್ಳುತ್ತವೆ, ಅಂದರೆ 207ರಿಂದ 253ರವರೆಗೆ. ಅದರಾಚೆಗೆ ಹೋದರೆ ಫ್ಯೂಸ್ ಹೋಗುವುದು ಪುಣ್ಯ, ಟ್ರಾನ್ಸ್‌ಫಾರ್ಮರ್ ಹೋಗುವುದು ಕರ್ಮ. ಮೇಲಾಗಿ ಚಳಿ. ಡಿಸೆಂಬರ್, ಜನವರಿಯ ಹಿಮ ಬೀಳುವ ರಾತ್ರಿಗಳಲ್ಲಿ ಗಾಡಿಯ ಹಿಂಬದಿಯಲ್ಲಿ ತಣ್ಣಗಾದ ಆಂಪನ್ನು ಜನ ತುಂಬಿದ ಬೆಚ್ಚನೆ ಹಾಲಿಗೆ ತಂದರೆ ಒಳಗಿನ ಲೋಹದ ಮೇಲೆ ಹನಿ ಕಟ್ಟುತ್ತದೆ. ಹನಿ ಆರುವ ಮೊದಲೇ ಸ್ವಿಚ್ ಒತ್ತುವವರೇ ಹೆಚ್ಚು. ಗೂಡಲೂರಿನ ಕಡೆ ಮಳೆಗಾಲದ ತೇವ ಇನ್ನೊಂದು ಬಗೆಯದು. ಅದು ಒಂದು ರಾತ್ರಿಯಲ್ಲಿ ಕೆಡಿಸುವುದಿಲ್ಲ, ತಿಂಗಳುಗಟ್ಟಲೆ ಜಾಕು, ನಾಬುಗಳಿಗೆ ಕಿಲುಬು ಹಿಡಿಸುತ್ತದೆ.

ಈಗ ದುಡ್ಡಿಗೆ ಬರೋಣ. ಕೆಳಗಿನ ಅಂಕಿಗಳು ಉದಾಹರಣೆಗೆ ಹಾಕಿಕೊಂಡವು, ನಿಮ್ಮವು ಬೇರೆಯಿದ್ದರೆ ಅವನ್ನು ಹಾಕಿ ನೋಡಿ. ಐದು ಜನರ ತಂಡ, ವರ್ಷಕ್ಕೆ 30 ಕಾರ್ಯಕ್ರಮ, ಒಂದಕ್ಕೆ 30,000 ರೂಪಾಯಿ. ತಲಾ 5,000 ಪಾಲು, ಉಳಿದ 5,000 ಗಾಡಿ ಮತ್ತು ಸಣ್ಣಪುಟ್ಟ ಖರ್ಚಿಗೆ. ನೂರು ಕಾರ್ಯಕ್ರಮಕ್ಕೆ ಒಂದರಲ್ಲಿ ಆಂಪ್ ಕೈಕೊಡುತ್ತದೆ, ಕೊಟ್ಟಾಗ ಆ ರಾತ್ರಿಯ ಹಣ ಹೋಗುತ್ತದೆ ಎಂದಿಟ್ಟುಕೊಳ್ಳಿ. ಗಿಟಾರಿಸ್ಟು ತನ್ನ ಪಾಲನ್ನಷ್ಟೇ ನೋಡಿದರೆ ವರ್ಷಕ್ಕೆ 1,50,000ದ ಮೇಲೆ ಶೇಕಡ 1, ಅಂದರೆ ಸರಾಸರಿ 1,500 ರೂಪಾಯಿ ನಷ್ಟ. ಹತ್ತು ಸಾವಿರಕ್ಕೆ ಒಂದು ಸ್ಪೇರ್ ಕೊಂಡು, ಐದು ವರ್ಷ ಇಟ್ಟುಕೊಂಡು, 2,500ಕ್ಕೆ ಮಾರಿದರೆ ವರ್ಷದ ಖರ್ಚು ಅದೇ 1,500. ಅಲ್ಲಿಗಲ್ಲಿಗೆ ಸರಿ, ಹೊತ್ತು ತಿರುಗುವ ಕಷ್ಟ ಮಾತ್ರ ಅವನ ಪಾಲಿಗೆ. ಇಂಥ ಲೆಕ್ಕವಿದ್ದಾಗ ಗಿಟಾರಿಸ್ಟು ಸ್ಪೇರ್ ಬೇಡ ಎನ್ನುವುದು ಜಿಪುಣತನ ಎನಿಸಿಕೊಳ್ಳುವುದಿಲ್ಲ. ಅವನ ಜಾಗದಲ್ಲಿ ಯಾರಿದ್ದರೂ ಹಾಗೇ ಹೇಳುತ್ತಾರೆ.

ಇದೇ ಲೆಕ್ಕವನ್ನು ತಂಡದ ಕಡೆಯಿಂದ ಹಾಕಿ. ವರ್ಷದ ವಹಿವಾಟು ಒಂಬತ್ತು ಲಕ್ಷ, ಅದರ ಶೇಕಡ 1 ಅಂದರೆ 9,000. ಖರ್ಚು ಅದೇ 1,500. ಆರು ಪಟ್ಟು ಲಾಭ. ಶೇಕಡ 1 ಜಾಸ್ತಿಯಾಯಿತು ಎನ್ನುವವರು 600 ಕಾರ್ಯಕ್ರಮಕ್ಕೆ ಒಂದು ಸಲ ಎಂದು ಇಳಿಸಿ ನೋಡಲಿ, ಆಗಲೂ ಖರ್ಚು ಹುಟ್ಟುತ್ತದೆ. ವರ್ಷಕ್ಕೆ 30ರಂತೆ 600 ಅಂದರೆ 20 ವರ್ಷ ನುಡಿಸಬೇಕು. ಗಿಟಾರ್ ನಿಂತರೆ ಪೂರ್ತಿ ಹಣ ಹೋಗುವುದಿಲ್ಲ, ಕೀಬೋರ್ಡಿನವರು ಹೇಗೋ ತೂಗಿಸುತ್ತಾರೆ, ಪಾರ್ಟಿಯವರು ಅರ್ಧ ಕೊಟ್ಟು ಕಳಿಸುತ್ತಾರೆ ಎಂಬ ಮಾತೂ ಇದೆ. ಸರಿ, ನಷ್ಟವನ್ನು ಅರ್ಧ ಮಾಡಿ. 300ಕ್ಕೆ ಒಂದಾದರೂ ಸಾಕಾಗುತ್ತದೆ. ಮುಂದಿನ ಬುಕಿಂಗ್ ಕೈತಪ್ಪುವುದನ್ನು ನಾನು ಇನ್ನೂ ಸೇರಿಸಿಯೇ ಇಲ್ಲ. ನೀಲಗಿರಿಯ ಮಾರುಕಟ್ಟೆ ಚಿಕ್ಕದು. ಹೋಟೆಲಿನ ಮ್ಯಾನೇಜರುಗಳು, ಮಂಟಪದವರು, ಸೌಂಡ್‌ನವರು ಒಬ್ಬರಿಗೊಬ್ಬರು ಗೊತ್ತಿದ್ದವರು, ಒಂದು ಕಡೆ ಕೆಟ್ಟ ಹೆಸರು ವಾರದೊಳಗೆ ಎಲ್ಲ ಕಡೆ ಮುಟ್ಟುತ್ತದೆ.

ಅಂದರೆ ಅಪಾಯ ಐದು ಜನರದು, ಖರ್ಚನ್ನು ಮಾತ್ರ ಒಬ್ಬನ ತಲೆಗೆ ಕಟ್ಟಿದ್ದೇವೆ. ಸ್ಪೇರ್ ಆಂಪಿನ ಮಾತು ಪ್ರತಿ ತಂಡದಲ್ಲೂ ಎದ್ದು ಅಲ್ಲೇ ಬೀಳುವುದಕ್ಕೆ ಕಾರಣ ಇದೇ ಎಂಬುದು ನನ್ನ ಅನಿಸಿಕೆ. ನಿನ್ನ ವಾದ್ಯ ನಿನ್ನ ಜವಾಬ್ದಾರಿ ಎಂಬ ಮಾತು ಕೇಳಲು ನ್ಯಾಯವಾಗಿದೆ. ತಂತಿ, ಪಿಕ್, ಗಿಟಾರು, ಮೊದಲ ಆಂಪ್ ಇವುಗಳ ಮಟ್ಟಿಗೆ ಅದು ಸರಿಯೂ ಹೌದು. ಅವನ್ನು ಅವನು ಮನೆಯಲ್ಲೂ ಬಳಸುತ್ತಾನೆ, ಬೇರೆ ತಂಡಕ್ಕೂ ಒಯ್ಯುತ್ತಾನೆ. ಕಾರ್ಯಕ್ರಮ ನಿಲ್ಲದಿರಲಿ ಎಂದು ಮಾತ್ರ ಇಟ್ಟುಕೊಂಡ ಸಾಮಾನು ತಂಡದ ಸಾಮಾನು, ಗಾಡಿಯ ಡೀಸೆಲ್ ಇದ್ದ ಹಾಗೆ. ಡೀಸೆಲನ್ನು ಡ್ರಮ್ಮರನ ಪಾಲಿನಲ್ಲಿ ಯಾರೂ ಹಿಡಿಯುವುದಿಲ್ಲ, ಅವನ ಸಾಮಾನೇ ಹೆಚ್ಚು ಜಾಗ ಹಿಡಿದಿದ್ದರೂ. ವರ್ಷದ 1,500ನ್ನು 30ರಿಂದ ಭಾಗಿಸಿದರೆ ಕಾರ್ಯಕ್ರಮಕ್ಕೆ 50 ರೂಪಾಯಿ, ತಲೆಗೆ ಹತ್ತು. ಇಷ್ಟಕ್ಕೆ ಮುನಿಸಿಕೊಳ್ಳುವ ತಂಡ ಬೇರೆ ಯಾವುದಕ್ಕಾದರೂ ಒಡೆಯುತ್ತದೆ.

ಆದರೆ ಹತ್ತು ಸಾವಿರ ಎಂಬ ಬೆಲೆಗೆ ನಾನು ಪಟ್ಟು ಹಿಡಿಯುತ್ತೇನೆ, ಏಕೆಂದರೆ ತಂಡ ಕೊಡುತ್ತದೆ ಎಂದ ಕೂಡಲೇ ಗಿಟಾರಿಸ್ಟುಗಳ ಕಣ್ಣು ದೊಡ್ಡದಾಗುತ್ತದೆ. ಮೊದಲನೆಯದರ ತದ್ರೂಪಿ ಇನ್ನೊಂದು ಇರಲಿ ಎನ್ನುತ್ತಾರೆ. ರೋಲಂಡ್ ಕಂಪನಿ 1975ರಿಂದ ಮಾಡುತ್ತಿರುವ ಜೆ.ಸಿ.-120 ತೆಗೆದುಕೊಳ್ಳಿ, ಹಳಬರ ಅಚ್ಚುಮೆಚ್ಚಿನದು, ಗಟ್ಟಿಮುಟ್ಟು. ತೂಕ ಸುಮಾರು 28 ಕಿಲೋ. ಅಂಥ ಇನ್ನೊಂದಕ್ಕೆ ಜಾಗ ಮಾಡಲು ದೊಡ್ಡ ಗಾಡಿ ಹಿಡಿಯಬೇಕಾಗಿ, ಸಲಕ್ಕೆ 500 ರೂಪಾಯಿ ಹೆಚ್ಚಾಯಿತೆನ್ನಿ. ವರ್ಷಕ್ಕೆ 15,000. ಆರು ಪಟ್ಟು ಲಾಭ ಎಂದೆನಲ್ಲ, ಅದು ಆರು ಸಾವಿರದ ನಷ್ಟವಾಗಿ ತಿರುಗಿತು, ಆಂಪಿನ ಬೆಲೆ ಇನ್ನೂ ಲೆಕ್ಕಕ್ಕೇ ಬಂದಿಲ್ಲ. ಮೂಗಿಗಿಂತ ಮೂಗುತಿ ಭಾರ. ಸ್ಪೇರ್ ಆಂಪಿನಲ್ಲಿ ದುಬಾರಿಯಾಗುವುದು ಕೊಳ್ಳುವ ಬೆಲೆಗಿಂತ ಹೊರುವ ಬೆಲೆ, ಬೆಟ್ಟದಲ್ಲಂತೂ ಹೆಚ್ಚು. ಗಿಟಾರಿನ ಚೀಲದ ಜೇಬಿನಲ್ಲೋ ಸೀಟಿನ ಕೆಳಗೋ ಹಿಡಿಸುವಂಥದ್ದಷ್ಟೇ ಈ ಕೆಲಸಕ್ಕೆ ಯೋಗ್ಯ: ಆಂಪಿನ ಧ್ವನಿಯನ್ನು ಅನುಕರಿಸುವ ಒಂದು ಪೆಡಲು, ಜೊತೆಗೆ ಡಿ.ಐ. ಬಾಕ್ಸು, ಅಲ್ಲಿಂದ ನೇರ ಮಿಕ್ಸರಿಗೆ. ಅಥವಾ ಬ್ಯಾಟರಿಯಲ್ಲಿ ನಡೆಯುವ ಚಿಕ್ಕ ಆಂಪಿನ ಮುಂದೆ ಒಂದು ಮೈಕ್.

ಬ್ಯಾಟರಿ ಎಂದದ್ದಕ್ಕೆ ಕಾರಣವಿದೆ. ಮೊದಲನೆಯದನ್ನು ಕೆಡಿಸಿದ್ದೇ ಎರಡನೆಯದನ್ನೂ ಕೆಡಿಸುವಂತಿದ್ದರೆ ಅದು ಸ್ಪೇರ್ ಹೇಗಾದೀತು? ಜನರೇಟರಿನ ಒಂದೇ ಬೋರ್ಡಿಗೆ ಎರಡನ್ನೂ ಚುಚ್ಚಿಟ್ಟರೆ ವೋಲ್ಟೇಜು ಜಿಗಿದಾಗ ಎರಡೂ ಒಟ್ಟಿಗೆ ಹೊಗೆಯಾಡುತ್ತವೆ. ಆದ್ದರಿಂದ ಸ್ಪೇರನ್ನು ಬೇಕಾಗುವವರೆಗೆ ಪ್ಲಗ್ಗಿಗೆ ಹಾಕಲೇಬಾರದು. ರೋಲಂಡಿನದೇ ಮೈಕ್ರೋ ಕ್ಯೂಬ್ ಆರು ಪೆನ್ಸಿಲ್ ಸೆಲ್ಲಿನಲ್ಲಿ ನಡೆಯುತ್ತದೆ, 50 ವಾಟಿನ ಕ್ಯೂಬ್ ಸ್ಟ್ರೀಟ್ ಇ.ಎಕ್ಸ್. ಎಂಟರಲ್ಲಿ. ಎರಡನೆಯದು ಬೆಲೆಯಲ್ಲಿ ನನ್ನ ಮಿತಿ ದಾಟುತ್ತದೆ, ಮೊದಲನೆಯದಕ್ಕೆ ಹಳೆಯದು ಹುಡುಕಬಹುದು. ಮಸಿನಗುಡಿಯ ಕಡೆಗಂತೂ ಇಂಥವೇ ಸರಿ. 2020ರ ಅಕ್ಟೋಬರಿನಲ್ಲಿ ಸೀಗೂರಿನ ಆನೆದಾರಿಯನ್ನು ಸುಪ್ರೀಂ ಕೋರ್ಟು ಎತ್ತಿಹಿಡಿದ ಆ ಸೀಮೆಯಲ್ಲಿ ನೂರು ವಾಟಿನ ಅಬ್ಬರ ಯಾರಿಗೂ ಬೇಕಿಲ್ಲ, ಆನೆಗಳಿಗಂತೂ ಮೊದಲೇ ಬೇಕಿಲ್ಲ.

ಸ್ವಂತದ ಧ್ವನಿ ಬರುವುದಿಲ್ಲ ಎಂಬ ಆಕ್ಷೇಪ ಬಂದೇ ಬರುತ್ತದೆ. ಬರುವುದಿಲ್ಲ, ನಿಜ. ಬಿಸಿಯಾದ ವಾಲ್ವು ಹೊರಡಿಸುವ ನಾದಕ್ಕೆ ಹತ್ತು ಸಾವಿರದ ಪೆಡಲ್ ಸಾಟಿಯಾಗದು. ಆದರೆ ಮದುವೆ ಮನೆಯಲ್ಲಿ ಅದನ್ನು ಗುರುತಿಸುವವರು ವೇದಿಕೆಯ ಮೇಲೇ ಇರುತ್ತಾರೆ, ಕೆಳಗೆ ಅಪರೂಪ. ಸೌಂಡ್‌ನವರು ಏನಾದರೂ ಮಾಡಿಕೊಡುತ್ತಾರೆ ಎಂಬ ಭರವಸೆ ಇದಕ್ಕಿಂತ ಅಪಾಯದ್ದು. ಗಿಟಾರನ್ನು ಯಾವ ಪೆಡಲೂ ಇಲ್ಲದೆ ಮಿಕ್ಸರಿಗೆ ಚುಚ್ಚಿದರೆ ಲೀಡ್ ಭಾಗವೆಲ್ಲ ತಗಡು ಬಡಿದಂತೆ ಕೇಳುತ್ತದೆ, ಅದು ಕೆಳಗಿನವರಿಗೂ ಗೊತ್ತಾಗುತ್ತದೆ. ಇನ್ನೊಂದು ತಂಡದ ಆಂಪ್ ಎರವಲು ಪಡೆಯುವುದು ಎರಡು ಮೂರು ತಂಡಗಳಿರುವ ಸೀಸನ್ ಕಾರ್ಯಕ್ರಮಕ್ಕೆ ನಡೆಯುತ್ತದೆ, ಕೋತಗಿರಿಯ ಹಟ್ಟಿಯೊಂದರ ಮದುವೆಗೆ ನಡೆಯುವುದಿಲ್ಲ. ಆಂಪಿಗೆ ಇನ್ಶೂರೆನ್ಸ್ ಮಾಡಿಸಿದ್ದೇವಲ್ಲ ಎನ್ನುವವರು ಪಾಲಿಸಿ ಬಿಚ್ಚಿ ಓದಬೇಕು. ಸಾಮಾನ್ಯವಾಗಿ ಅದು ಕಳವಿಗೆ, ಬೆಂಕಿಗೆ, ಅಪಘಾತಕ್ಕೆ ಕೊಡುತ್ತದೆ, ಆ ರಾತ್ರಿ ಕೈತಪ್ಪಿದ ಸಂಭಾವನೆಗೆ ಕೊಡುವುದಿಲ್ಲ. ಅದೇ ಹತ್ತು ಸಾವಿರವನ್ನು ಎಸ್.ಐ.ಪಿ.ಗೆ ಹಾಕಬಹುದಿತ್ತು ಎಂಬ ಮಾತಿಗೆ ಮೇಲಿನ 9,000 ಮತ್ತು 1,500ರ ಲೆಕ್ಕವೇ ಉತ್ತರ. ಯಾವ ಫಂಡೂ ಆ ದರದಲ್ಲಿ ಕೊಡುವುದಿಲ್ಲ.

ನನಗೆ ಗಟ್ಟಿ ಎನಿಸುವ ಆಕ್ಷೇಪ ಒಂದೇ: ಆಂಪ್ ಸತ್ತಿತು ಎಂದುಕೊಂಡ ಹೆಚ್ಚಿನ ಸಲ ಸತ್ತಿರುವುದು ಕೇಬಲ್ಲು, ಪೆಡಲಿನ ಒಂಬತ್ತು ವೋಲ್ಟಿನ ಸೆಲ್ಲು, ಇಲ್ಲವೇ ಫ್ಯೂಸು. ಹಾಗಿರುವಾಗ ಹತ್ತು ಸಾವಿರಕ್ಕೂ ಮೊದಲು ಐನೂರು ಸಾವಿರದ ಸಾಮಾನು ಕೊಳ್ಳಬೇಕು. ಎರಡು ಕೇಬಲ್ಲು, ಒಂದು ಪವರ್ ಕಾರ್ಡು, ಸೆಲ್ಲುಗಳು, ಆಂಪಿನ ಹಿಂದೆ ಬರೆದಿರುವ ಅದೇ ಅಳತೆಯ ನಾಲ್ಕು ಫ್ಯೂಸು. ಅಳತೆಯ ಮುಂದೆ ‘ಟಿ’ ಅಕ್ಷರವಿದ್ದರೆ ತಡೆದು ಸುಡುವ ಜಾತಿಯದೇ ಬೇಕು. ಸಿಗರೇಟಿನ ಬೆಳ್ಳಿ ಕಾಗದ ಸುತ್ತಿ ನಡೆಸುವ ಜಾಣರು 200 ರೂಪಾಯಿ ಉಳಿಸಲು ಹೋಗಿ ಟ್ರಾನ್ಸ್‌ಫಾರ್ಮರನ್ನೇ ಬಲಿಕೊಡುತ್ತಾರೆ. ವಾಲ್ವ್ ಆಂಪ್ ಇದ್ದವರು ಸ್ಪೀಕರ್ ಜೋಡಿಸದೆ ಆನ್ ಮಾಡಿ ಪರೀಕ್ಷಿಸುವುದೂ ಅದೇ ದಾರಿ. ಇಷ್ಟೆಲ್ಲ ಚೀಲದಲ್ಲಿದ್ದು, ತಂಡ ಹೊಸದಾಗಿದ್ದು, ವರ್ಷಕ್ಕೆ ಐದಾರೇ ಕಾರ್ಯಕ್ರಮವಿದ್ದರೆ ಎರಡನೇ ಆಂಪನ್ನು ಇನ್ನೊಂದು ವರ್ಷ ಮುಂದಕ್ಕೆ ಹಾಕಿದರೂ ನಾನು ಬೇಡವೆನ್ನುವುದಿಲ್ಲ.

ಹೊಸದನ್ನೇ ಕೊಳ್ಳಬೇಕೆಂದಿಲ್ಲ. ಗಿಟಾರಿಸ್ಟು ದೊಡ್ಡ ಆಂಪಿಗೆ ಬಡ್ತಿ ಪಡೆಯುವಾಗ ಹಳೆಯ ಚಿಕ್ಕದನ್ನು ಮಾರುತ್ತಾನಲ್ಲ, ತಂಡವೇ ಅದನ್ನು ಸಂತೆಯ ಬೆಲೆಗೆ ಕೊಳ್ಳಲಿ. ಕೊಂಡದ್ದನ್ನು ಅಟ್ಟಕ್ಕೆ ಹಾಕಬಾರದು. ಊಟಿಯ ತೇವದಲ್ಲಿ ಆರು ತಿಂಗಳು ಮುಟ್ಟದೆ ಇಟ್ಟ ಆಂಪ್ ಬೇಕಾದ ರಾತ್ರಿ ಕರಕರ ಎನ್ನುತ್ತದೆ. ವಾರದ ಪ್ರಾಕ್ಟೀಸಿಗೆ ಅದನ್ನೇ ಬಳಸಿದರೆ ದೊಡ್ಡದರ ಸವಕಳಿಯೂ ಉಳಿಯುತ್ತದೆ, ಚಿಕ್ಕದು ಕೆಟ್ಟಿದ್ದರೆ ಮನೆಯಲ್ಲೇ ಗೊತ್ತಾಗುತ್ತದೆ. ಯಾರಾದರೂ ತಂಡ ಬಿಡುವ ದಿನ ಬಂದಾಗ ಜಗಳವಾಗದಂತೆ ಕೊಂಡ ತಾರೀಖು, ಬೆಲೆ, ಯಾರು ಎಷ್ಟು ಹಾಕಿದರು ಎಂಬುದನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಿ. ಹತ್ತು ಸಾವಿರದ ಸಾಮಾನು ವರ್ಷಕ್ಕೆ 1,500 ಇಳಿಯುತ್ತದೆ ಎಂದು ಹಿಡಿದರೆ ಎರಡು ವರ್ಷದ ಮೇಲೆ ಅದರ ಬೆಲೆ 7,000. ಬಿಡುವವನ ಕೈಗೆ 1,400 ಕೊಡಿ, ಸಾಮಾನು ತಂಡದಲ್ಲೇ ಉಳಿಯಲಿ, ಬಿಡುತ್ತಿರುವವನು ಗಿಟಾರಿಸ್ಟೇ ಆಗಿದ್ದರೂ.