ತಾತನ ಕಿವಿಗೇ ಬಂದ ಟಿ.ವಿ.

ಈ ಸಲದ ಗೋಡೆ ಪತ್ರಿಕೆಗೆ ನಮ್ಮ ಮನೆಯಲ್ಲೇ ನಾನು ಕಲಿತ ಒಂದು ವಿಜ್ಞಾನದ ಪಾಠವನ್ನು ಬರೆಯುತ್ತಿದ್ದೇನೆ.

ನಮ್ಮ ತಾತ ಎರಡು ಕಿವಿಗೂ ಮಿಷನ್ ಹಾಕುತ್ತಾರೆ. ಇದಕ್ಕೆ ಶ್ರವಣ ಸಾಧನ ಎಂದು ಹೆಸರು. ಆದರೂ ಟಿ.ವಿ. ಮುಂದೆ ಕೂತರೆ "ಸೌಂಡ್ ಜಾಸ್ತಿ ಮಾಡ್ಲಾ" ಅನ್ನೋರು. ಬೀದಿಗೆಲ್ಲಾ ಕೇಳೋ ಹಾಗೆ ಇಟ್ಟರೂ "ಏನಂದ ಈಗ?" ಅಂತ ನಮ್ಮನ್ನೇ ಕೇಳೋರು. ಪರೀಕ್ಷೆಗೆ ಓದುತ್ತಿದ್ದ ನಾನು ಒಂದು ದಿನ "ಮಿಷನ್ ಇದ್ರೂ ಕೇಳ್ಸಲ್ವಾ ತಾತ?" ಎಂದು ರೇಗಿಬಿಟ್ಟೆ. ತಾತ ಏನೂ ಅನ್ನದೆ ಟಿ.ವಿ. ಆರಿಸಿ ಜಗಲಿಗೆ ಹೋಗಿ ಕೂತರು. ಆಮೇಲೆ ಟಿ.ವಿ. ಕಡೆ ತಿರುಗಿಯೂ ನೋಡಲಿಲ್ಲ.

ಮೈಸೂರಿನಲ್ಲಿ 1965ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಅಲ್ಲಿಗೆ ತಾತನನ್ನು ತಪಾಸಣೆಗೆ ಕರೆದುಕೊಂಡು ಹೋದಾಗ ನಾನೂ ಹೋಗಿದ್ದೆ. ತಪ್ಪು ತಾತನದಲ್ಲ, ದೂರದ್ದು ಎಂದು ಅಲ್ಲಿ ಗೊತ್ತಾಯಿತು.

ಮಿಷನ್ನಿನಲ್ಲಿ ಮುಖ್ಯವಾಗಿ ಮೂರು ಭಾಗಗಳಿವೆ. ಶಬ್ದ ಹಿಡಿಯುವ ಮೈಕು, ಅದನ್ನು ಹೆಚ್ಚಿಸುವ ಆಂಪ್ಲಿಫೈಯರ್, ಕಿವಿಯೊಳಗೆ ಬಿಡುವ ಪುಟ್ಟ ಸ್ಪೀಕರ್. ಬಯಲಿನಲ್ಲಿ ದೂರ ಎರಡರಷ್ಟಾದರೆ ಶಬ್ದದ ತೀವ್ರತೆ ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತದೆ. ಮನೆಯೊಳಗಾದರೆ ಗೋಡೆಗೆ ಬಡಿದು ಬರುವ ಪ್ರತಿಧ್ವನಿಯೂ ಸೇರುತ್ತದೆ. ಹತ್ತಿರದ ಫ್ಯಾನು, ಕುಕ್ಕರ್ ವಿಷಲ್ ಎಲ್ಲವನ್ನೂ ಮೈಕು ಹಿಡಿಯುತ್ತದೆ. ಟಿ.ವಿ. ಸೌಂಡ್ ಏರಿಸಿದರೆ ಪ್ರತಿಧ್ವನಿಯೂ ಏರುತ್ತದೆ. ಶಬ್ದ ಜೋರಾಗುತ್ತದೆ, ಮಾತು ಸ್ಪಷ್ಟವಾಗುವುದಿಲ್ಲ.

ಹಾಗಾದರೆ ಉಪಾಯವೇನು? ಟಿ.ವಿ.ಯ ಧ್ವನಿ ಗಾಳಿಯಲ್ಲಿ ಬರದೆ ನೇರವಾಗಿ ಮಿಷನ್ನಿಗೇ ಬರಬೇಕು. ಇದಕ್ಕೆ ಮೂರು ದಾರಿಗಳಿವೆ.

1. ಟೆಲಿಕಾಯಿಲ್: ಕೆಲವು ಮಿಷನ್‌ಗಳಲ್ಲಿ ಸಣ್ಣ ತಂತಿಯ ಸುರುಳಿ ಇರುತ್ತದೆ. ಟಿ.ವಿ.ಗೆ ಜೋಡಿಸಿದ ತಂತಿಯ ಹಾರವನ್ನು ಕೊರಳಿಗೆ ಹಾಕಿಕೊಂಡರೆ, ಅದರ ಕಾಂತಕ್ಷೇತ್ರ ಬದಲಾದಂತೆಲ್ಲಾ ಸುರುಳಿಯಲ್ಲಿ ವಿದ್ಯುತ್ ಹುಟ್ಟುತ್ತದೆ. 1831ರಲ್ಲಿ ಮೈಕೆಲ್ ಫ್ಯಾರಡೆ ತೋರಿಸಿದ ತತ್ವವೇ ಇದು!

2. ಟಿ.ವಿ. ಪೆಟ್ಟಿಗೆ: ಟಿ.ವಿ.ಗೆ ವೈರಿನಿಂದ ಸೇರಿಸುವ ಚಿಕ್ಕ ಪೆಟ್ಟಿಗೆ. ಇದು ಧ್ವನಿಯನ್ನು ರೇಡಿಯೋ ಅಲೆಗಳಲ್ಲಿ ಮಿಷನ್ನಿಗೆ ಕಳಿಸುತ್ತದೆ. ಸಾಮಾನ್ಯವಾಗಿ ಮಿಷನ್ ಯಾವ ಕಂಪನಿಯದೋ ಪೆಟ್ಟಿಗೆಯೂ ಅದೇ ಕಂಪನಿಯದಾಗಿರಬೇಕು.

3. ಬ್ಲೂಟೂತ್: ಕೆಲವು ಮಿಷನ್‌ಗಳಿಗೆ ಮೊಬೈಲಿನ ಹಾಡು ನೇರವಾಗಿ ಬರುತ್ತದೆ. ಒಂದೇ ಕಡೆಯಿಂದ ಬಹಳ ಜನರ ಮಿಷನ್‌ಗಳಿಗೆ ಧ್ವನಿ ಕಳಿಸುವ ಹೊಸ ಬ್ಲೂಟೂತ್ ವಿಧಾನಕ್ಕೆ 2022ರಲ್ಲಿ ಆರಾಕಾಸ್ಟ್ ಎಂದು ಹೆಸರಿಟ್ಟರು.

ನಮ್ಮ ದೊಡ್ಡಪ್ಪನ ಮಗ ಬೆಂಗಳೂರಿನಿಂದ ತಾತನ ಮಿಷನ್ನಿಗೆ ಹೊಂದುವ ಪೆಟ್ಟಿಗೆ ತಂದು ಜೋಡಿಸಿದ. ಡಾ. ರಾಜ್‌ಕುಮಾರ್ ಹಾಡು ಬಂತು. ತಾತ ಕಣ್ಣು ಮುಚ್ಚಿ ಕೇಳಿ, "ಅಣ್ಣಾವ್ರು ಉಸ್ರು ಎಳ್ಕೊಳ್ಳೋದೂ ಕೇಳುಸ್ತದೆ ಕಣ್ಮಗ" ಅಂದರು. ನಮಗೆ ಟಿ.ವಿ. ಸೌಂಡ್ ಸಣ್ಣಗೇ ಇತ್ತು. ಆಗ ನಾನು ರೇಗಿದ್ದು ನೆನಪಾಗಿ ನಾಚಿಕೆಯಾಯಿತು. ತಾತನ ಹತ್ತಿರ ತಪ್ಪಾಯಿತು ಎಂದು ಕೇಳಿಕೊಂಡೆ.

ಗಮನಿಸಬೇಕಾದ ವಿಷಯಗಳು: ಈ ಸೌಲಭ್ಯ ಎಲ್ಲಾ ಮಿಷನ್‌ಗಳಲ್ಲಿ ಇರುವುದಿಲ್ಲ, ಕೊಳ್ಳುವ ಮೊದಲೇ ಕೇಳಬೇಕು. ಬ್ಯಾಟರಿ ಬೇಗ ಖರ್ಚಾಗುತ್ತದೆ. ಟಿ.ವಿ. ಧ್ವನಿ ಬರುವಾಗ ಹೊರಗಿನ ಮಾತು ಸರಿಯಾಗಿ ಕೇಳದಿರಬಹುದು. ಆದ್ದರಿಂದ ಹಿಂದಿನಿಂದ ಕೂಗದೆ ಎದುರಿಗೆ ಹೋಗಿ ಮಾತಾಡಿಸಬೇಕು.

ಮಿತ್ರರೇ, ತರಗತಿಯಲ್ಲೂ ಇದೇ ಪಾಠ. ಮಿಷನ್ ಹಾಕುವ ಗೆಳೆಯರಿಗೆ ಕೊನೆಯ ಬೆಂಚು ಬೇಡ, ಮುಂದಿನ ಜಾಗ ಬಿಟ್ಟುಕೊಡೋಣ. ಗುರುಗಳು ಬೋರ್ಡಿನ ಕಡೆ ತಿರುಗಿದಾಗ ಹೇಳಿದ್ದನ್ನು ನಮ್ಮ ಕಡೆ ತಿರುಗಿ ಇನ್ನೊಮ್ಮೆ ಹೇಳಿದರೆ ಉಪಕಾರವಾಗುತ್ತದೆ. ಕೂಗುವುದಕ್ಕಿಂತ ಹತ್ತಿರ ಹೋಗುವುದು ಮೇಲು.

— 9ನೇ ತರಗತಿಯ ವಿದ್ಯಾರ್ಥಿ