ತಾಳಗುಂದದ ಕಂಬವೂ ಇಂಟರ್ವಲ್ ಬ್ಲಾಕೂ

ಚಿತ್ರಕಥೆ ಕಲಿಯಲು ಬರುವವರಿಗೆ ನಾನು ಮೊದಲು ಸಿನಿಮಾ ತೋರಿಸುವುದಿಲ್ಲ. ಶಿಕಾರಿಪುರ ತಾಲ್ಲೂಕಿನ ತಾಳಗುಂದದಲ್ಲಿ, ಪ್ರಣವೇಶ್ವರ ಗುಡಿಯ ಮುಂದೆ ನಿಂತಿರುವ ಕಂಬದ ಶಾಸನದ ಅನುವಾದವನ್ನು ಕೈಗಿತ್ತು, ‘ಇದರಲ್ಲಿ ಅಂಕ ಎಲ್ಲೆಲ್ಲಿ ಮುರಿಯುತ್ತದೆ, ಗೆರೆ ಎಳೆಯಿರಿ’ ಎನ್ನುತ್ತೇನೆ. ಐದನೆಯ ಶತಮಾನದಲ್ಲಿ ಕುಬ್ಜನೆಂಬ ಕವಿ ಸಂಸ್ಕೃತದಲ್ಲಿ ಬರೆದ ಕದಂಬರ ಕಥೆ ಅದು. ಮಯೂರಶರ್ಮ ಗುರು ವೀರಶರ್ಮನ ಜೊತೆ ಕಂಚಿಯ ಘಟಿಕೆಗೆ ಓದಲು ಹೋಗುತ್ತಾನೆ. ಪಲ್ಲವರ ಕುದುರೆ ಸವಾರನೊಡನೆ ಜಗಳವಾಗುತ್ತದೆ. ಕತ್ತಿ ಹಿಡಿಯುತ್ತಾನೆ, ಗಡಿಕಾವಲಿನವರನ್ನು ಸೋಲಿಸಿ ಶ್ರೀಪರ್ವತದ ಕಾಡು ಸೇರುತ್ತಾನೆ, ಬಾಣರಿಂದ ಕಪ್ಪ ವಸೂಲಿ ಮಾಡುತ್ತಾನೆ. ಕೊನೆಗೆ ಪಲ್ಲವರೇ ಅವನಿಗೆ ಪಟ್ಟ ಕಟ್ಟುತ್ತಾರೆ. ದೇವುಡು ಅವರ ಕಾದಂಬರಿಯನ್ನು ಆಧರಿಸಿದ 1975ರ ‘ಮಯೂರ’ ನೋಡಿದವರು ಅದನ್ನು ಸದ್ಯ ಪಕ್ಕಕ್ಕಿಡಬೇಕು. ಕಂಬದಲ್ಲಿ ಇರುವುದಷ್ಟೇ ಕಚ್ಚಾಮಾಲು.

1. ಗದ್ದಲ ಇದ್ದಲ್ಲಿ ಗೆರೆ ಎಳೆಯಬೇಡಿ. ಹೆಚ್ಚುಕಡಿಮೆ ಎಲ್ಲರೂ ಮೊದಲ ಗೆರೆಯನ್ನು ಸವಾರನ ಜಗಳದ ಕೆಳಗೆ ಹಾಕುತ್ತಾರೆ. ಯಾಕೆಂದರೆ ಅಲ್ಲಿ ಕುದುರೆ ಇದೆ, ಅವಮಾನ ಇದೆ, ಹಿನ್ನೆಲೆ ಸಂಗೀತಕ್ಕೆ ಜಾಗ ಇದೆ. ಆದರೆ ಜಗಳವಾದ ಮೇಲೂ ಮಯೂರಶರ್ಮ ಘಟಿಕೆಗೆ ಮರಳಿ ಮರುದಿನದ ಪಾಠಕ್ಕೆ ಕೂರಬಹುದಿತ್ತು, ಇಲ್ಲವೇ ಗಂಟುಮೂಟೆ ಕಟ್ಟಿಕೊಂಡು ಊರಿಗೆ ಹೊರಡಬಹುದಿತ್ತು. ದರ್ಭೆ, ಸಮಿತ್ತು ಹಿಡಿದು ಪಳಗಿದ ಕೈ ಕತ್ತಿಗೆ ಹೋಯಿತಲ್ಲ, ಅಲ್ಲಿಗೆ ಆ ಎರಡು ದಾರಿಯೂ ಮುಚ್ಚಿದವು. ಅಂಕ ಮುರಿಯುವುದು ಅಲ್ಲಿ. ನಾನು ಕೇಳುವ ಪ್ರಶ್ನೆ ಒಂದೇ: ಈ ಸೀನ್ ಆದ ಮೇಲೆ ನಾಯಕ ಏನನ್ನು ಇನ್ನೆಂದೂ ಮಾಡಲಾರ? ಉತ್ತರ ಇಲ್ಲದಿದ್ದರೆ ಅದು ಬರೀ ಸೀನ್, ಎಷ್ಟೇ ಜನ ಶಿಳ್ಳೆ ಹೊಡೆಯಲಿ.

2. ಪೆಟ್ಟಿಗೂ ತಿರುಗೇಟಿಗೂ ನಡುವೆ ಒಂದು ಸೀನ್ ಉಳಿಸಿ. ಒನ್ ಲೈನ್ ಹೇಳುವಾಗ ಮೊದಲು ಬಿದ್ದುಹೋಗುವುದು ಇದೇ. ‘ಅವಮಾನ ಆಯ್ತು, ಕಟ್ ಮಾಡಿದ್ರೆ ಕಾಡು’ ಎಂದು ಹೇಳಿಬಿಡುತ್ತಾರೆ. ಕುಬ್ಜ ಹಾಗೆ ಮಾಡಿಲ್ಲ ನೋಡಿ. ಕಲ್ಲಿನ ಮೇಲೆ ಜಾಗವೇನು ಧಾರಾಳವಾಗಿ ಸಿಗುವುದಿಲ್ಲ, ಆದರೂ ಜಗಳಕ್ಕೂ ಕತ್ತಿಗೂ ನಡುವೆ ಮಯೂರಶರ್ಮನ ತಳಮಳಕ್ಕೆ ಜಾಗ ಕೊಟ್ಟಿದ್ದಾನೆ. ಗುರುಗಳ ಸೇವೆ ಮಾಡಿ, ಕಷ್ಟಪಟ್ಟು ವೇದ ಕಲಿತರೂ ಅದರ ಸಿದ್ಧಿ ರಾಜನ ಕೈಯಲ್ಲಿರುವುದಾದರೆ ಇದಕ್ಕಿಂತ ದುಃಖ ಯಾವುದು ಎಂಬ ಅರ್ಥದ ಮಾತುಗಳವು. ಅಷ್ಟರಿಂದ ಸವಾರನ ಮೇಲಿನ ಸಿಟ್ಟು ಒಂದು ವ್ಯವಸ್ಥೆಯ ಮೇಲಿನ ಸಿಟ್ಟಾಗಿ ಬೆಳೆಯುತ್ತದೆ. ಅದಿಲ್ಲದಿದ್ದರೆ ಸವಾರನಿಗೆ ನಾಲ್ಕು ಬಿಗಿದಲ್ಲಿಗೆ ಸಿನಿಮಾ ಮುಗಿಯಬೇಕಿತ್ತು.

3. ಇಂಟರ್ವಲ್ ಅನ್ನು ಮೊದಲು ಬರೆಯಿರಿ. ಸಿಡ್ ಫೀಲ್ಡ್ 1979ರ ‘ಸ್ಕ್ರೀನ್‌ಪ್ಲೇ’ಯಲ್ಲಿ ಹಾಕಿಕೊಟ್ಟ ಲೆಕ್ಕ ಸರಳ. 120 ಪುಟದ ಚಿತ್ರಕಥೆ, ಪುಟಕ್ಕೊಂದು ನಿಮಿಷ; 30 ಪುಟ ಆರಂಭಕ್ಕೆ, 60 ಸಂಘರ್ಷಕ್ಕೆ, 30 ಮುಕ್ತಾಯಕ್ಕೆ. ಅದು ಬರೆದದ್ದು ಜನ ನಡುವೆ ಎದ್ದುಹೋಗದ ಥಿಯೇಟರಿಗೆ. ನಮ್ಮಲ್ಲಿ ಸಿನಿಮಾದ ಹೊಟ್ಟೆಯಲ್ಲೇ ಲೈಟ್ ಹತ್ತುತ್ತದೆ, ಜನ ಹೊರಗೆ ನಿಂತು ಟೀ ಕುಡಿಯುತ್ತಾ ಫಸ್ಟ್ ಹಾಫ್‌ನ ತೀರ್ಪು ಕೊಡುತ್ತಾರೆ. ಹಾಗಾಗಿ ನಮ್ಮ ಸಿನಿಮಾ ಹೆಸರಿಗೆ ಮೂರಂಕ, ಕಟ್ಟುವಾಗ ನಾಲ್ಕು: ಪ್ರತಿ ಅರ್ಧದ ನಡುವೆ ಒಂದು ತಿರುವು, ಎರಡು ಅರ್ಧಗಳ ನಡುವೆ ಇಂಟರ್ವಲ್.

ಇಂಟರ್ವಲ್ ಬ್ಲಾಕ್ ಎಂದರೆ ದೊಡ್ಡ ಫೈಟ್ ಎಂದುಕೊಂಡವರೇ ಹೆಚ್ಚು. ಫೈಟ್ ಇರಲಿ, ಬೇಡ ಎನ್ನುವುದಿಲ್ಲ. ಆದರೆ ಫಸ್ಟ್ ಹಾಫ್ ಯಾವ ಪ್ರಶ್ನೆಯ ಮೇಲೆ ನಡೆಯಿತೋ ಅದಕ್ಕೆ ಅಲ್ಲಿ ಉತ್ತರ ಸಿಗಬೇಕು, ಆ ಉತ್ತರವೇ ಇನ್ನೂ ದೊಡ್ಡ ಪ್ರಶ್ನೆ ಎಬ್ಬಿಸಬೇಕು. ಶಾಸನದಲ್ಲಿ ನಾನು ಗೆರೆ ಎಳೆಯುವುದು ಬಾಣರು ಕಪ್ಪ ಕೊಟ್ಟ ಮೇಲೆ, ಕಂಚಿಯ ಸೈನ್ಯ ಹೊರಟಾಗ. ‘ಓದುವ ಹುಡುಗ ಹೋರಾಡಬಲ್ಲನೇ?’ ಅನ್ನುವುದು ಮುಗಿಯಿತು. ಗೆದ್ದದ್ದಕ್ಕೇ ಈಗ ದೊಡ್ಡ ಸೈನ್ಯ ಬರುತ್ತಿದೆ, ಗೆದ್ದದ್ದನ್ನು ಉಳಿಸಿಕೊಳ್ಳಬಲ್ಲನೇ? ನಾಟ್ಯಶಾಸ್ತ್ರದ ಐದು ಸಂಧಿಗಳಲ್ಲಿ ನಡುವಿನದು ಗರ್ಭ. ಫಲ ಕೈಗೆ ಸಿಕ್ಕಂತಾಗುತ್ತದೆ, ತಪ್ಪುತ್ತದೆ, ಮತ್ತೆ ಹುಡುಕಾಟ. ಅವಸ್ಥೆಗಳ ಪಟ್ಟಿಯಲ್ಲಿ ಅದಕ್ಕೆ ಜೋಡಿ ಪ್ರಾಪ್ತ್ಯಾಶೆ. ಇಂಟರ್ವಲ್ ಕಾರ್ಡಿಗೆ ಇದಕ್ಕಿಂತ ಒಳ್ಳೆಯ ವಿವರಣೆ ನನಗೆ ಸಿಕ್ಕಿಲ್ಲ.

ಸೆಕೆಂಡ್ ಹಾಫ್ ಲ್ಯಾಗ್ ಎಂಬ ದೂರು ಬಂದಾಗ ಎಲ್ಲರೂ ಸೆಕೆಂಡ್ ಹಾಫ್ ಕತ್ತರಿಸಲು ಕೂರುತ್ತಾರೆ. ನಾನು ಇಂಟರ್ವಲ್‌ಗೆ ಹೋಗಿ ನೋಡುತ್ತೇನೆ. ಬಹಳ ಸಲ ಅಲ್ಲಿ ಹಳೆಯ ಪ್ರಶ್ನೆಯೇ ಕುಳಿತಿರುತ್ತದೆ. ‘ಕಾಂತಾರ’ದಲ್ಲಿ (2022) ಶಿವನಿಗೂ ಅರಣ್ಯಾಧಿಕಾರಿ ಮುರಳಿಗೂ ಇರುವ ಗುದ್ದಾಟವನ್ನೇ ಕೊನೆಯವರೆಗೆ ಎಳೆದಿದ್ದರೆ ಎಷ್ಟು ಹೊತ್ತು ತಡೆದುಕೊಳ್ಳುತ್ತಿದ್ದೆವು? ಎದುರಾಳಿ ಧಣಿಯೇ ಎಂದು ತಿಳಿದು, ಅಧಿಕಾರಿ ಇವರ ಪಕ್ಕಕ್ಕೆ ಬಂದು ನಿಂತಾಗ ಕಥೆಗೆ ಹೊಸ ಉಸಿರು ಬಂತು.

4. ಜೋಸೆಫ್ ಕ್ಯಾಂಬೆಲ್ 1949ರ ಪುಸ್ತಕದಲ್ಲಿ ನಾಯಕನ ಪಯಣಕ್ಕೆ 17 ಹಂತ ಹೇಳಿದ, ಕ್ರಿಸ್ಟೋಫರ್ ವೋಗ್ಲರ್ ಅದನ್ನು ಸಿನಿಮಾದವರಿಗಾಗಿ 12ಕ್ಕೆ ಇಳಿಸಿದ. ಡ್ರಾಫ್ಟ್ ಮುಗಿದ ಮೇಲೆ ಆ ಪಟ್ಟಿ ತೆಗೆದು ನೋಡಿ, ಅದಕ್ಕೆ ಮುಂಚೆ ಬೇಡ. ಮೊದಲೇ ಎದುರಿಗಿಟ್ಟುಕೊಂಡರೆ ಕಾಡಿನಲ್ಲೊಬ್ಬ ಬಿಳಿಗಡ್ಡದ ಮುದುಕ ತಪ್ಪದೆ ಹುಟ್ಟುತ್ತಾನೆ, ಮಯೂರಶರ್ಮನಿಗೆ ಕತ್ತಿವರಸೆ ಕಲಿಸಲು. ಶಾಸನದಲ್ಲಿ ತರಬೇತಿಯ ಮಾತೇ ಇಲ್ಲ. ಬೇಕಾದರೆ ಅರ್ಧ ಹಾಡಿನಲ್ಲಿ ಮುಗಿಸಿ.

5. ಕೊನೆಯ ಅಂಕದಲ್ಲಿ ನಾಯಕ ಬಗ್ಗಬಹುದು. ಕಥೆ ಹೇಳಲು ಹೋದಾಗ ಇದಕ್ಕೇ ಹೆಚ್ಚು ಪ್ರತಿರೋಧ. ‘ಹೀರೊ ಬಗ್ಗಿದ್ರೆ ಫ್ಯಾನ್ಸ್ ಒಪ್ಪಲ್ಲ ಸಾರ್.’ ಆದರೆ ಕಂಬ ಏನು ಹೇಳುತ್ತದೆ? ದಂಡೆತ್ತಿ ಬಂದ ಪಲ್ಲವರನ್ನು ಮಯೂರಶರ್ಮ ರಾತ್ರಿ ಹೊತ್ತು ಮೇಲೆ ಬಿದ್ದು ಕಂಗೆಡಿಸುತ್ತಾನೆ. ಅವರು ಅವನ ಶಕ್ತಿ, ಕುಲ ನೋಡಿ ಸ್ನೇಹಕ್ಕೆ ಬರುತ್ತಾರೆ. ಅವನು ಅವರ ಸೇವೆಗೆ ಸೇರಿ, ಯುದ್ಧಗಳಲ್ಲಿ ಮೆಚ್ಚಿಸಿ, ಅವರಿಂದಲೇ ಪಟ್ಟವನ್ನೂ ಪಶ್ಚಿಮದ ಕಡಲಿನಿಂದ ಪ್ರೇಹರದವರೆಗಿನ ನೆಲವನ್ನೂ ಪಡೆಯುತ್ತಾನೆ. ಖಳನ ತಲೆ ಉರುಳಲಿಲ್ಲ. ಕಲಿಯುವವರಲ್ಲಿ ಅರ್ಧ ಜನ ಇದನ್ನು ಅಳಿಸಿ ಕಂಚಿಗೆ ಬೆಂಕಿ ಹಚ್ಚುತ್ತಾರೆ.

ನನ್ನ ವಾದ ಹೀಗೆ: ಎರಡನೇ ಪಾಠದಲ್ಲಿ ಹೇಳಿದ ದುಃಖಕ್ಕೆ ಮದ್ದು ಸವಾರನ ಸಾವಲ್ಲ. ರಾಜನ ಕೈಯಲ್ಲಿದ್ದ ಸಿದ್ಧಿ ತನ್ನ ಕೈಗೆ ಬರಬೇಕು, ಕೊಡುವವನು ಆ ರಾಜನೇ ಆಗಿರಬೇಕು. ಹಾಗಿದ್ದರೆ ಪಟ್ಟ ಕಟ್ಟುವ ಸೀನ್ ಯಾವ ಫೈಟಿಗೂ ಕಡಿಮೆಯಿಲ್ಲ. ಮೊದಲ ಅಂಕದಲ್ಲಿ ನಾಯಕನಿಗೆ ಏನು ಬೇಕಾಗಿತ್ತೋ ಅದೇ ಕ್ಲೈಮ್ಯಾಕ್ಸನ್ನು ತೀರ್ಮಾನಿಸಬೇಕು. ‘ಬಂಗಾರದ ಮನುಷ್ಯ’ದ (1972) ರಾಜೀವ ಕಟ್ಟಿ ಬೆಳೆಸಿದ ಮನೆ ಬಿಟ್ಟು ಹೊರಟೇ ಹೋಗುತ್ತಾನೆ, ಯಾರನ್ನೂ ಹೊಡೆಯುವುದಿಲ್ಲ. ಅಕ್ಕನ ಸಂಸಾರಕ್ಕಾಗಿ ಬಂದವನು ತನಗಾಗಿ ಹಕ್ಕು ಸಾಧಿಸಿ ನಿಂತಿದ್ದರೆ ಹಿಂದಿನ ಅಷ್ಟೂ ಸೀನ್‌ಗಳು ಸುಳ್ಳಾಗುತ್ತಿದ್ದವು. ಆ ಸಿನಿಮಾವನ್ನು ಜನ ಒಪ್ಪಿದರೋ ಇಲ್ಲವೋ ಎಂದು ಯಾರೂ ಕೇಳಬೇಕಾಗಿಲ್ಲ.

6. ಮೊದಲ ಅಂಕದಲ್ಲಿ ಬಂದವರ ಲೆಕ್ಕ ಇಡಿ. ವೀರಶರ್ಮ ಮಯೂರನ ಗುರು, ಅಜ್ಜನೂ ಅವನೇ ಎನ್ನುತ್ತಾರೆ ಇತಿಹಾಸಕಾರರು. ಕಂಚಿಗೆ ಹೋಗುವಾಗ ಜೊತೆಗಿದ್ದವನು ಆಮೇಲೆ ಶಾಸನದಲ್ಲಿ ಕಾಣುವುದಿಲ್ಲ. ಪ್ರಶಸ್ತಿ ಬರೆಯುವ ಕುಬ್ಜನಿಗೆ ಅದು ನಡೆಯುತ್ತದೆ, ನಮಗೆ ನಡೆಯುವುದಿಲ್ಲ. ಹೆಚ್ಚಿನವರು ಅಜ್ಜನನ್ನು ಪಟ್ಟಾಭಿಷೇಕಕ್ಕೆ ಕರೆತಂದು ಕಣ್ಣೊರೆಸಿಕೊಳ್ಳಲು ನಿಲ್ಲಿಸುತ್ತಾರೆ. ಅಲ್ಲಿ ಅವನು ಜನಜಂಗುಳಿಯಲ್ಲಿ ಒಬ್ಬ, ಅಷ್ಟೇ. ನಾನಾದರೆ ಮೊಮ್ಮಗ ಪಲ್ಲವರ ಸೇವೆಗೆ ಒಪ್ಪಿಕೊಳ್ಳುವ ಹಿಂದಿನ ಸೀನ್‌ಗೆ ಅವನನ್ನು ತರುತ್ತೇನೆ. ಓದು ಬಿಟ್ಟು ಕತ್ತಿ ಹಿಡಿದದ್ದು ಇದಕ್ಕಾಗಿಯೇ ಎಂದು ಕೇಳುವ ಹಕ್ಕು ಕಥೆಯಲ್ಲಿ ಇರುವುದು ಅವನೊಬ್ಬನಿಗೆ. ಮಯೂರಶರ್ಮ ಏನು ಉತ್ತರ ಕೊಡುತ್ತಾನೆ ಎನ್ನುವುದನ್ನು ಬರೆದುಕೊಂಡು ಬನ್ನಿ ಎಂದು ಹೇಳಿ ಆ ದಿನದ ತರಗತಿ ಮುಗಿಸುತ್ತೇನೆ.